ಫೈನಲ್‌ಗೆ ಬಂದ ಎಲ್ಲ ಮಕ್ಕಳಿಗೂ ಒಂದು ಸಂಜೆ ಕೊಡಿ

ನಿನ್ನೆ ಸಂಜೆ ಮಗಳನ್ನು ಯೂತ್ ಆರ್ಕೆಸ್ಟ್ರಾ ರಿಹರ್ಸಲ್‌ಗೆ ಬಿಟ್ಟು ಎಂದಿನಂತೆ ಕಾರಿನಲ್ಲಿ ಕೂರಲಿಲ್ಲ. ಒಳಗೆ ಹೋಗಿ ಹಾಲ್‌ನ ಕೊನೆಯ ಸಾಲಿನಲ್ಲಿ ಕೂತೆ. ಈ ವರ್ಷದ ಕಾನ್ಚೆರ್ಟೋ ಸ್ಪರ್ಧೆ ಗೆದ್ದ ಹುಡುಗ ಮೊದಲ ಸಲ ಆರ್ಕೆಸ್ಟ್ರಾ ಜತೆ ನುಡಿಸುವ ದಿನ ಅದು. ಅವನದು ಚೆಲ್ಲೋ, ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲು. ಫ್ರಾನ್ಸಿನ ಸೆನ್ ಸಾನ್ಸ್ 1872ರಲ್ಲಿ ಬರೆದ ಎ ಮೈನರ್ ಕಾನ್ಚೆರ್ಟೋ. ಅದು ಶುರುವಾಗುವ ರೀತಿಯೇ ಬೇರೆ. ಆರ್ಕೆಸ್ಟ್ರಾ ಪೂರ್ತಿ ಸೇರಿ ಒಂದೇ ಒಂದು ಏಟು ಹಾಕುತ್ತದೆ, ಅಷ್ಟೇ. ಮರುಕ್ಷಣ ಚೆಲ್ಲೋ ಮೇಲಿಂದ ಕೆಳಕ್ಕೆ ಧುಮುಕುತ್ತದೆ.

ಆ ಒಂದು ಏಟು ಹಾಕುವವರಲ್ಲಿ ನನ್ನ ಮಗಳೂ ಒಬ್ಬಳು. ವಯಲಿನ್ ಸಾಲಿನಲ್ಲಿ ಮೂರನೇ ಸ್ಟ್ಯಾಂಡ್, ಅಂದರೆ ಇಬ್ಬರು ಹಂಚಿಕೊಂಡು ಕೂರುವ ಜಾಗ. ಆರು ವಾರದ ಹಿಂದೆ ಅದೇ ಸ್ಪರ್ಧೆಯ ಫೈನಲ್‌ನಲ್ಲಿ ಅವಳು ಇದೇ ಹುಡುಗನ ಎದುರು ಸೋತಿದ್ದಳು.

ಮೊದಲ ಸಲ ಏಟು ಚದುರಿತು. ಅರ್ಧ ಜನ ಮುಂಚೆ, ಅರ್ಧ ಜನ ತಡ. ಕಂಡಕ್ಟರ್, ಅಂದರೆ ಕೋಲು ಬೀಸಿ ಆರ್ಕೆಸ್ಟ್ರಾ ನಡೆಸುವವರು, ನಿಲ್ಲಿಸಿದರು. ಮತ್ತೆ ಶುರು, ಮತ್ತೆ ನಿಲ್ಲಿಸಿದರು. ನಾಲ್ಕನೇ ಸಲ ನಾನು ಮಗಳನ್ನೇ ನೋಡುತ್ತಿದ್ದೆ. ಎದುರಿಗಿದ್ದ ಸ್ವರದ ಹಾಳೆ ಅವಳಿಗೆ ಬೇಕಾಗಿರಲಿಲ್ಲ. ಒಂದು ಕಣ್ಣು ಕಂಡಕ್ಟರ್ ಕೋಲಿನ ಮೇಲೆ, ಇನ್ನೊಂದು ಆ ಹುಡುಗನ ಬಲ ಭುಜದ ಮೇಲೆ. ಅವನು ಉಸಿರು ಎಳೆದುಕೊಂಡಾಗ ಇವಳೂ ಎಳೆದುಕೊಂಡಳು. ಏಟು ಸರಿಯಾಗಿ ಬಿತ್ತು. ಅವನ ಮುಖ ಅರಳಿತು.

ಅದನ್ನು ನೋಡಿದಾಗಿನಿಂದ ಈ ಮಾತು ಬರೆಯಬೇಕು ಅನ್ನಿಸಿತು.

ಊರಿನ ಸ್ನೇಹಿತರಿಗೆ ಇದು ಏನು ಅಂತ ಮೊದಲು ಹೇಳುತ್ತೇನೆ. ಕಾನ್ಚೆರ್ಟೋ ಅಂದರೆ ಒಬ್ಬ ಕಲಾವಿದ ಮುಂದೆ, ಪೂರ್ತಿ ಆರ್ಕೆಸ್ಟ್ರಾ ಹಿಂದೆ. ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ. ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇದರ ಸ್ಪರ್ಧೆಗಳು ಬೇಕಾದಷ್ಟಿವೆ. ಯೂತ್ ಆರ್ಕೆಸ್ಟ್ರಾಗಳು ನಡೆಸುತ್ತವೆ, ಊರಿನ ಸಿಂಫನಿ ಆರ್ಕೆಸ್ಟ್ರಾಗಳೂ ನಡೆಸುತ್ತವೆ. ನಮ್ಮ ಕಡೆ ಮಕ್ಕಳು ಮೊದಲು ವಿಡಿಯೋ ಕಳಿಸಬೇಕು. ಕತ್ತರಿ ಹಾಕುವ ಹಾಗಿಲ್ಲ, ಒಂದೇ ಉಸಿರಿಗೆ ನುಡಿಸಿರಬೇಕು. ಅದರಲ್ಲಿ ಆರಿಸಿದವರು ಫೈನಲ್‌ಗೆ ಬರುತ್ತಾರೆ. ಅಲ್ಲಿ ಒಂದು ಭಾಗವನ್ನು ಹಾಳೆ ಇಲ್ಲದೆ, ಬಾಯಿಪಾಠ ಬಂದ ಹಾಗೆ ನುಡಿಸಬೇಕು. ಆರ್ಕೆಸ್ಟ್ರಾ ಇರುವುದಿಲ್ಲ. ಆರ್ಕೆಸ್ಟ್ರಾ ಭಾಗವನ್ನೆಲ್ಲ ಒಂದು ಪಿಯಾನೋಗೆ ಇಳಿಸಿರುತ್ತಾರೆ, ಅದರ ಜತೆ ನುಡಿಸಬೇಕು. ಗೆದ್ದವರಿಗೆ ಆರ್ಕೆಸ್ಟ್ರಾ ಜತೆ ಕಛೇರಿ. ಉಳಿದವರು ಮನೆಗೆ.

ಈ ಕೊನೆಯದೇ ನನಗೆ ಸರಿ ಕಾಣದ ವಿಷಯ.

ನನ್ನ ಮಗಳು ನುಡಿಸಿದ್ದು ಜರ್ಮನಿಯ ಸಂಯೋಜಕ ಮೆಂಡೆಲ್ಸನ್ನನ ಇ ಮೈನರ್ ವಯಲಿನ್ ಕಾನ್ಚೆರ್ಟೋ, ಮೊದಲ ಭಾಗ. ಎಂಟು ತಿಂಗಳು ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ಅದೇ. ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುವಾಗ ಬಾಯಲ್ಲಿ ಅದೇ ರಾಗ. ಹಾಗಾಗಿ ಅದರ ಒಳಗು ಹೊರಗು ನನಗೂ ಸ್ವಲ್ಪ ಗೊತ್ತಾಗಿದೆ. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಆರು ವರ್ಷ ಹಾಡು ಕಲಿತಿದ್ದೆ, ಆ ಕಿವಿಯಲ್ಲಿ ಕೇಳಿದ್ದು ಅಂದುಕೊಳ್ಳಿ.

ಅದರಲ್ಲಿ ಒಂದು ಜಾಗ ಇದೆ. ಅಷ್ಟು ಹೊತ್ತು ಓಡಾಡಿದ ವಯಲಿನ್ ಮೆಲ್ಲಗೆ ಕೆಳಗಿಳಿದು ತನ್ನ ಅತಿ ಕೆಳಗಿನ ತಂತಿಗೆ ಬಂದು ನಿಲ್ಲುತ್ತದೆ. ಒಂದೇ ಸ್ವರ, ಉದ್ದಕ್ಕೆ. ಬೆರಳೂ ಇಡುವ ಹಾಗಿಲ್ಲ, ಬಿಟ್ಟ ತಂತಿ. ಅದರ ಮೇಲೆ ಹೊಸ ರಾಗ ಎತ್ತುವುದು ಎರಡು ಕ್ಲಾರಿನೆಟ್ ಮತ್ತು ಎರಡು ಕೊಳಲು. ಅಂದರೆ ಸೋಲೋ ಕಲಾವಿದೆ ಆ ಹೊತ್ತಿಗೆ ತಂಬೂರಿ. ನಾಲ್ಕು ಜನ ಹಿಂದೆ ಹಾಡುತ್ತಾರೆ, ಇವಳು ಶ್ರುತಿ ಹಿಡಿಯುತ್ತಾಳೆ.

ಇನ್ನೊಂದು ಜಾಗ ಕೆಡೆನ್ಸಾ ಮುಗಿಯುವಲ್ಲಿ. ಕೆಡೆನ್ಸಾ ಅಂದರೆ ನಮ್ಮ ತನಿ ಆವರ್ತನದ ಹಾಗೆ, ಉಳಿದವರೆಲ್ಲ ಕೈಕಟ್ಟಿ ಕೂತು ಕೇಳುವ ಹೊತ್ತು. ಆ ಕಾಲದಲ್ಲಿ ಅದು ಭಾಗದ ಕೊನೆಗೆ ಬರುವುದು ವಾಡಿಕೆ. ಮೆಂಡೆಲ್ಸನ್ ಅದನ್ನು ಮಧ್ಯಕ್ಕೆ ತಂದ. ವಯಲಿನ್ ಬಿಲ್ಲು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತಾ ಇರುತ್ತದೆ, ಚೆಂಡು ಪುಟಿದ ಹಾಗೆ. ಅದು ನಿಲ್ಲುವ ಮೊದಲೇ ಆರ್ಕೆಸ್ಟ್ರಾ ಮೆತ್ತಗೆ ಒಳಗೆ ಬಂದು ಮೊದಲಿನ ರಾಗವನ್ನು ಎತ್ತಿಕೊಳ್ಳುತ್ತದೆ. ವಯಲಿನ್ ಪುಟಿಯುತ್ತಲೇ ಇರುತ್ತದೆ. ಈಗ ಅದೇ ಪಕ್ಕವಾದ್ಯ! ತನಿಯಿಂದ ಪಕ್ಕವಾದ್ಯಕ್ಕೆ ದಾಟಿದ್ದು ಎಲ್ಲಿ ಅಂತ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಮಗಳು ಆ ಪುಟಿಯುವ ಬಿಲ್ಲಿಗೆ ಎರಡು ತಿಂಗಳು ಕೊಟ್ಟಿದ್ದಾಳೆ. ಕನ್ನಡಿ ಮುಂದೆ ನಿಂತು, ಮಣಿಕಟ್ಟು ನೋಯುವ ತನಕ.

ಆ ಬಿಲ್ಲು ಯಾರಿಗೆ ಪಕ್ಕವಾದ್ಯ ಆಗಬೇಕಿತ್ತೋ ಅವರು ಫೈನಲ್‌ನಲ್ಲಿ ಇರಲೇ ಇಲ್ಲ.

ಪಿಯಾನೋ ನುಡಿಸಿದವರ ಬಗ್ಗೆ ನನಗೆ ತುಂಬ ಗೌರವ ಇದೆ. ಹತ್ತು ಬೆರಳಿನಲ್ಲಿ ಎಪ್ಪತ್ತು ಜನರ ಕೆಲಸ ಮಾಡುತ್ತಾರೆ. ಮಗು ತಪ್ಪಿದರೆ ಹಿಡಿದುಕೊಳ್ಳುತ್ತಾರೆ, ಓಡಿದರೆ ಹಿಂದೆಯೇ ಓಡುತ್ತಾರೆ. ಆದರೆ ಎಪ್ಪತ್ತು ಜನ ಹಾಗೆ ಓಡಿ ಬರುವುದಿಲ್ಲ. ಅವರ ಜತೆ ನುಡಿಸಬೇಕಾದರೆ ಕಿವಿ ಬೇರೆ ಥರ ಕೆಲಸ ಮಾಡಬೇಕು. ಹಿಂದಿನ ಸಾಲಿನ ಕ್ಲಾರಿನೆಟ್ ಶಬ್ದಕ್ಕೆ ಕಾಯಬೇಕು. ಫೈನಲ್ ಮುಗಿದ ಮೇಲೆ ಒಬ್ಬ ಜಡ್ಜ್ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ನಾದ ಚೆನ್ನಾಗಿದೆ, ಜತೆಯವರನ್ನು ಇನ್ನೂ ಕೇಳಿಸಿಕೋ. ಮಾತು ನಿಜ. ಆದರೆ ಜತೆಯವರು ಎಲ್ಲಿದ್ದರು?

ಆವತ್ತು ರಾತ್ರಿ ನಮ್ಮಮ್ಮ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದರು.

"ಫಸ್ಟ್ ಬಂತಾ ಪುಟ್ಟಿ?"

"ಇಲ್ಲ ಅಜ್ಜಿ."

"ಹೋಗ್ಲಿ ಬಿಡು. ಜತೆಗೆ ಯಾರ್ಯಾರು ನುಡಿಸಿದ್ರು?"

"ಪಿಯಾನೋ ಒಬ್ಬರೇ ಅಜ್ಜಿ."

"ಅಷ್ಟೇನಾ? ತುಂಬ ಜನ ಇರ್ತಾರೆ ಅಂದಿದ್ದೆ?"

"ಅದು ಗೆದ್ದವರಿಗೆ ಮಾತ್ರ."

ಅಮ್ಮನಿಗೆ ಅದು ಅರ್ಥವೇ ಆಗಲಿಲ್ಲ. ಕಛೇರಿ ಅಂದಮೇಲೆ ಕರಪತ್ರದಲ್ಲಿ ಪಿಟೀಲು ಯಾರು, ಮೃದಂಗ ಯಾರು ಅಂತ ನೋಡುವ ಜೀವ ಅದು. ಪಿಟೀಲು ಚೌಡಯ್ಯನವರು ಸೋಲೋ ಕಛೇರಿಯನ್ನೂ ಮಾಡಿದವರು, ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲೂ ಕೂತವರು. ಎರಡೂ ಬೇರೆ ಬೇರೆ ವಿದ್ಯೆ ಅಂತ ಅಮ್ಮ ಅಂದುಕೊಂಡಿಲ್ಲ. ಮೆಂಡೆಲ್ಸನ್ ಕಾಲದವರೂ ಅಂದುಕೊಂಡಿರಲಿಲ್ಲ. ಅವನು ಈ ಕಾನ್ಚೆರ್ಟೋ ಬರೆದದ್ದು ಗೆಳೆಯ ಫರ್ಡಿನಾಂಡ್ ಡೇವಿಡ್‌ಗೆ. ಡೇವಿಡ್ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದಲ್ಲಿ ವಯಲಿನ್‌ಗಳ ಮುಖ್ಯಸ್ಥ. 1838ರಲ್ಲೇ ಮೆಂಡೆಲ್ಸನ್ ಅವನಿಗೆ ಪತ್ರ ಬರೆದು, ಇ ಮೈನರ್‌ನಲ್ಲಿ ಒಂದು ಕಾನ್ಚೆರ್ಟೋ ತಲೆಯಲ್ಲಿ ಸುತ್ತುತ್ತಿದೆ, ಅದರ ಆರಂಭ ನೆಮ್ಮದಿ ಕೊಡುತ್ತಿಲ್ಲ ಅಂದಿದ್ದ. ಮುಗಿದದ್ದು 1844ರಲ್ಲಿ. ಆರು ವರ್ಷ ಆಗಾಗ ಡೇವಿಡ್‌ನನ್ನು ಕೇಳಿ ಕೇಳಿ ತಿದ್ದಿದ. 1845ರ ಮಾರ್ಚ್‌ನಲ್ಲಿ ಡೇವಿಡ್ ಎದ್ದು ಬಂದು ಮುಂದೆ ನಿಂತು ನುಡಿಸಿದ, ತಾನು ದಿನಾ ಜತೆಗೆ ಕೂರುವ ಅದೇ ಆರ್ಕೆಸ್ಟ್ರಾ ಜತೆ.

ಹಾಗಾಗಿ ಸ್ಪರ್ಧೆ ನಡೆಸುವವರಲ್ಲಿ ನನ್ನದೊಂದೇ ಬೇಡಿಕೆ. ಗೆದ್ದವರಿಗೆ ಕಛೇರಿ ಕೊಡಿ, ಅದು ಅವರ ಹಕ್ಕು. ಆದರೆ ಫೈನಲ್‌ಗೆ ಬಂದ ಪ್ರತಿ ಮಗುವಿಗೂ ಒಂದು ಸಲ, ಒಂದೇ ಒಂದು ಸಲ, ಆರ್ಕೆಸ್ಟ್ರಾ ಜತೆ ಪೂರ್ತಿ ನುಡಿಸಲು ಬಿಡಿ. ಕೇಳುಗರು ಬೇಡ, ಟಿಕೆಟ್ ಬೇಡ, ಕಛೇರಿಗೆ ಹಾಕುವ ಕರಿ ಬಟ್ಟೆ ಬೇಡ. ಒಂದು ಸಾಮಾನ್ಯ ರಿಹರ್ಸಲ್ ಸಂಜೆ ಸಾಕು. ನಮ್ಮಲ್ಲಿ ಫೈನಲ್‌ಗೆ ಬಂದದ್ದು ಐದು ಮಕ್ಕಳು. ಒಬ್ಬರಿಗೆ 15 ನಿಮಿಷ ಅಂದರೂ 75 ನಿಮಿಷ. ಮೆಂಡೆಲ್ಸನ್, ಮೊಜಾರ್ಟ್, ಸೆನ್ ಸಾನ್ಸ್ ಇವರ ಹಾಳೆಗಳಿಗೆ ಕಾಪಿರೈಟ್ ಮುಗಿದು ಎಷ್ಟೋ ಕಾಲವಾಯಿತು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಇದನ್ನು ಒಬ್ಬ ಹಿರಿಯರ ಹತ್ತಿರ ಹೇಳಿದಾಗ, ಆರ್ಕೆಸ್ಟ್ರಾ ಮಕ್ಕಳು ಅಭ್ಯಾಸವಿಲ್ಲದೆ ಹಾಳೆ ನೋಡಿ ನುಡಿಸಿದರೆ ಕೇಳೋಕಾಗಲ್ಲ ಅಂದರು. ಇರಲಿ ಬಿಡಿ, ಕೇಳುವವರು ಯಾರು? ಹಾಳೆ ನೋಡಿದ ಕೂಡಲೇ ನುಡಿಸುವುದು ಆರ್ಕೆಸ್ಟ್ರಾ ಮಕ್ಕಳು ಕಲಿಯಲೇಬೇಕಾದ ವಿದ್ಯೆ. ಅದಕ್ಕೆ ಇದಕ್ಕಿಂತ ಒಳ್ಳೆ ಪಾಠ ಯಾವುದು? ತಮ್ಮ ಜತೆಯಲ್ಲೇ ಕೂರುವ ಗೆಳತಿ ಇವತ್ತು ಎದ್ದು ಮುಂದೆ ನಿಂತಿದ್ದಾಳೆ, ಅವಳನ್ನು ಬೀಳದ ಹಾಗೆ ಹಿಡಿಯಬೇಕು.

ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಬ್ರಿಟನ್‌ನಲ್ಲಿ 1978ರಿಂದ ನಡೆಯುತ್ತಿರುವ ಬಿಬಿಸಿ ಯಂಗ್ ಮ್ಯೂಸಿಷಿಯನ್ ಸ್ಪರ್ಧೆಯ ಫೈನಲ್ ನೋಡಿ. ಅಲ್ಲಿಗೆ ತಲುಪಿದ ಎಲ್ಲರೂ ಆರ್ಕೆಸ್ಟ್ರಾ ಜತೆಯೇ ನುಡಿಸುತ್ತಾರೆ. 2016ರಲ್ಲಿ ಮೂವರಿದ್ದರು. ಗೆದ್ದದ್ದು ನಾಟಿಂಗ್‌ಹ್ಯಾಮ್‌ನ ಹುಡುಗ ಶೇಕು ಕ್ಯಾನೆ ಮೇಸನ್, ಆಗ 17 ವರ್ಷ. ರಷ್ಯಾದ ಸಂಯೋಜಕ ಶೊಸ್ತಕೋವಿಚ್‌ನ ಮೊದಲ ಚೆಲ್ಲೋ ಕಾನ್ಚೆರ್ಟೋ ನುಡಿಸಿದ. ಅವನ ಹೆಸರು ಈಗ ಎಲ್ಲರಿಗೂ ಗೊತ್ತು. ಆದರೆ ಸೋತ ಇಬ್ಬರೂ ಕಳೆದುಹೋಗಲಿಲ್ಲ. ಸ್ಯಾಕ್ಸೊಫೋನ್ ನುಡಿಸಿದ ಜೆಸ್ ಗಿಲ್ಲಮ್, ಫ್ರೆಂಚ್ ಹಾರ್ನ್ ಅನ್ನುವ ಹಿತ್ತಾಳೆ ವಾದ್ಯ ನುಡಿಸಿದ ಬೆನ್ ಗೋಲ್ಡ್‌ಶೈಡರ್, ಇಬ್ಬರೂ ಇವತ್ತು ಸೋಲೋ ಕಲಾವಿದರು. ಸ್ಯಾಕ್ಸೊಫೋನ್, ಹಾರ್ನ್! ನಮ್ಮ ಮಕ್ಕಳ ಸ್ಪರ್ಧೆಗಳಲ್ಲಿ ವಯಲಿನ್, ಪಿಯಾನೋ, ಚೆಲ್ಲೋ ಬಿಟ್ಟರೆ ಬೇರೆಯವರು ಫೈನಲ್ ನೋಡುವುದೇ ಅಪರೂಪ. ಟ್ಯೂಬಾ ಅನ್ನುವ ಭಾರಿ ಹಿತ್ತಾಳೆ ವಾದ್ಯ ಹಿಡಿದ ಮಗುವಿನ ಕಷ್ಟ ಕೇಳಬೇಡಿ. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ದುಡ್ಡಿನ ಮಾತೂ ಹೇಳಲೇಬೇಕು. ಪಿಯಾನೋ ಜತೆಗಾರರಿಗೆ ನಾವು ಗಂಟೆಗೆ 80 ಡಾಲರ್ ಕೊಟ್ಟೆವು. ಅಭ್ಯಾಸ, ವಿಡಿಯೋ ರೆಕಾರ್ಡಿಂಗ್, ಫೈನಲ್ ಎಲ್ಲ ಸೇರಿ ಒಂಬತ್ತು ಗಂಟೆ. ವಾರದ ಪಾಠದ ಫೀಸು ಬೇರೆ. ನಮ್ಮ ಕೈಲಾಯಿತು. ಮಗಳ ಸ್ಟ್ಯಾಂಡ್‌ನಲ್ಲೇ ಕೂರುವ ಇನ್ನೊಬ್ಬ ಹುಡುಗಿ ಇವಳಿಗಿಂತ ಚೆನ್ನಾಗಿ ನುಡಿಸುತ್ತಾಳೆ, ಅವಳು ಅರ್ಜಿಯನ್ನೇ ಹಾಕಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಜತೆಗಾರರ ಖರ್ಚನ್ನು ಸಂಘಟಕರೇ ಹೊತ್ತರೆ ಅಂಥ ಮಕ್ಕಳು ಮುಂದೆ ಬರುತ್ತಾರೆ.

ಆರ್ಕೆಸ್ಟ್ರಾ ಅನ್ನುವುದು ಯಾವ ಕಾಲದಲ್ಲೂ ಅಗ್ಗದ ವ್ಯವಹಾರ ಅಲ್ಲ. ಯಾರೋ ಒಬ್ಬರು ಕೈ ಬಿಚ್ಚಬೇಕು. ನಮ್ಮ ಮೈಸೂರಿನವರೇ ಒಬ್ಬರು ಬಿಚ್ಚಿದ್ದರು. ರಷ್ಯಾದ ಪಿಯಾನೋ ಕಲಾವಿದ, ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್‌ನಲ್ಲಿ ವಯಸ್ಸಾಗಿ, ಹೃದಯದ ಕಾಯಿಲೆಯಲ್ಲಿ ಇದ್ದರು. ಆಗ ಅವರ ಮೂರೂ ಪಿಯಾನೋ ಕಾನ್ಚೆರ್ಟೋಗಳನ್ನು ಅವರ ಕೈಯಲ್ಲೇ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜತೆ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯ ಮಾತು. ಮೂರನೆಯ ಕಾನ್ಚೆರ್ಟೋ ಮಹಾರಾಜರಿಗೇ ಅರ್ಪಣೆಯಾಗಿದೆ. ಆ ರೆಕಾರ್ಡಿಂಗ್ ಇವತ್ತಿಗೂ ಕೇಳಲು ಸಿಗುತ್ತದೆ. ನಮ್ಮ ಕಾಲದಲ್ಲಿ ಮಹಾರಾಜರಿಲ್ಲ. ಆದರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಳ್ಳೆ ಸಂಬಳ ಇರುವ ಕನ್ನಡದವರು ಈ ದೇಶದಲ್ಲಿ ಸಾವಿರಾರು ಜನ ಇದ್ದೀವಿ. ಯುಗಾದಿ ಕಾರ್ಯಕ್ರಮಕ್ಕೆ ಕೊಡುವ ಹಾಗೆ ಇದಕ್ಕೂ ಕೊಡಬಹುದು, ಅಲ್ವಾ?

ತಂದೆತಾಯಿಗಳಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಫಲಿತಾಂಶ ಬಂದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಪ್ರಶ್ನೆ, ಫೈನಲಿಸ್ಟ್ ಅಂತ ಕಾಲೇಜ್ ಅರ್ಜಿಯಲ್ಲಿ ಹಾಕಬಹುದಾ ಅಂತ. ಹಾಕಿ, ಧಾರಾಳವಾಗಿ ಹಾಕಿ. ಆದರೆ ಮಕ್ಕಳು ಆ ಪ್ರಶ್ನೆಯನ್ನು ಓದುತ್ತಾರೆ. ಎಂಟು ತಿಂಗಳ ಕೆಲಸ ಒಂದು ಸಾಲಿಗೆ ಇಳಿದದ್ದನ್ನು ನೋಡುತ್ತಾರೆ. ನನ್ನ ಮಗಳು ಆವತ್ತು ಫೋನ್ ವಾಪಸ್ ಕೊಟ್ಟು ಸುಮ್ನೆ ಮಹಡಿಗೆ ಹೋದಳು. ಸೋತದ್ದಕ್ಕೆ ಅವಳು ಅಷ್ಟು ಬಾಡಿರಲಿಲ್ಲ.

ಅವಳಿಗೆ ನಿಜವಾಗಿ ಬೇಕಿದ್ದದ್ದು ಬೇರೆಯೇ. ಮೆಂಡೆಲ್ಸನ್ನನ ಮೊದಲ ಭಾಗ ಜೋರಾಗಿ ಮುಗಿಯುತ್ತದೆ. ಎಲ್ಲರೂ ನಿಲ್ಲಿಸುತ್ತಾರೆ, ಬಸ್ಸೂನ್ ಅನ್ನುವ ಒಂದು ಉದ್ದನೆಯ ಊದುವ ವಾದ್ಯ ಮಾತ್ರ ತನ್ನ ಸ್ವರವನ್ನು ಬಿಡುವುದಿಲ್ಲ. ಬಿ ಸ್ವರ. ಅದನ್ನೇ ಹಿಡಿದುಕೊಂಡು, ಮೆಲ್ಲಗೆ ಅರ್ಧ ಮೆಟ್ಟಿಲು ಮೇಲೇರಿ ಸಿ ಸ್ವರಕ್ಕೆ ಹೋಗುತ್ತದೆ. ಅಲ್ಲಿಂದ ಎರಡನೇ ಭಾಗ ತೆರೆದುಕೊಳ್ಳುತ್ತದೆ. ನಡುವೆ ಚಪ್ಪಾಳೆಗೆ ಜಾಗವೇ ಇಲ್ಲ. ಪಿಯಾನೋದಲ್ಲಿ ಆ ಸ್ವರ ಒತ್ತಿದರೆ ಸ್ವಲ್ಪ ಹೊತ್ತಿಗೆ ಕರಗಿ ಹೋಗುತ್ತದೆ. ಫೈನಲ್‌ನಲ್ಲಂತೂ ಅದೂ ಇಲ್ಲ. ಮೊದಲ ಭಾಗ ಮುಗಿದ ಕೂಡಲೇ ಥ್ಯಾಂಕ್ಯೂ ಅಂದುಬಿಡುತ್ತಾರೆ.

ನಿನ್ನೆ ರಿಹರ್ಸಲ್ ಮುಗಿದು ಎಲ್ಲರೂ ಕುರ್ಚಿ ಮಡಚುತ್ತಿದ್ದರು. ಮಗಳು ವಯಲಿನ್ ಪೆಟ್ಟಿಗೆಗೆ ಹಾಕಿರಲಿಲ್ಲ. ಬಸ್ಸೂನ್ ಹುಡುಗಿಯ ಹತ್ತಿರ ಹೋಗಿ ಏನೋ ಕೇಳಿದಳು. ಅವಳು ಬಿಚ್ಚಿ ಇಟ್ಟಿದ್ದ ಬಸ್ಸೂನನ್ನು ಮತ್ತೆ ಜೋಡಿಸಿದಳು. ಮಗಳು ಕೊನೆಯ ನಾಲ್ಕು ಸಾಲು ಭರ್ರನೆ ನುಡಿಸಿ ನಿಲ್ಲಿಸಿದಳು. ಬಸ್ಸೂನ್ ನಿಲ್ಲಿಸಲಿಲ್ಲ. ಕುರ್ಚಿಗಳ ಗಲಾಟೆಯ ನಡುವೆ ಆ ಒಂದು ಸ್ವರ ಉಳಿಯಿತು, ಆಮೇಲೆ ಮೇಲೇರಿತು. ಕಾರಿನಲ್ಲಿ ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಮುಂದಿನ ತಿಂಗಳು ಪೋಷಕರ ಸಭೆ ಇದೆ. ಮೇಲಿನ ಬೇಡಿಕೆಯನ್ನು ಒಂದು ಪುಟದ ಪತ್ರ ಮಾಡಿ ಇಟ್ಟಿದ್ದೇನೆ. ಮಕ್ಕಳು ಯೂತ್ ಆರ್ಕೆಸ್ಟ್ರಾಗಳಲ್ಲಿ ಇರುವವರು, ಯಾವ ಊರಾದರೂ ಸರಿ, ನಿಮ್ಮಲ್ಲೂ ಇದನ್ನು ಕೇಳಬೇಕು ಅನ್ನಿಸಿದರೆ ಮೆಸೇಜ್ ಮಾಡಿ, ಪತ್ರ ಕಳಿಸುತ್ತೇನೆ. ನಿಮ್ಮಲ್ಲಿ ಈಗಾಗಲೇ ಎಲ್ಲ ಫೈನಲ್ ಮಕ್ಕಳಿಗೂ ಅಂಥ ಒಂದು ಸಂಜೆ ಕೊಡುತ್ತಿದ್ದರೆ, ಅದನ್ನು ಹೇಗೆ ಮಾಡುತ್ತಾರೆ ಅಂತ ದಯವಿಟ್ಟು ಬರೆಯಿರಿ. ಸಭೆಯಲ್ಲಿ ಹೇಳಲು ಬೇಕು.