ಒಬ್ಬಟ್ಟು ತಟ್ಟೋರು ಯಾರು?

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಪ್ರೇಮಕಾದಂಬರಿಗಳು ಹಬ್ಬಕ್ಕೆ ಮೊದಲೇ ಸೂಪರ್‌ಮಾರ್ಕೆಟ್ಟಿಗೆ ಬಂದು ಕೂರುತ್ತವೆ. ಮುಖಪುಟದಲ್ಲಿ ಹಿಮ, ದೀಪ ಬೆಳಗುವ ಕಿಟಕಿ, ಕೆಂಪು ಸ್ಕಾರ್ಫ್ ಸುತ್ತಿಕೊಂಡ ಹುಡುಗಿ. ಲೀಡ್ಸಿಗೆ ಬಂದ ಮೇಲೆ ನನಗೆ ಇವುಗಳ ಚಟ ಹತ್ತಿತು. ಗಂಡಸು ಇಂಥದ್ದೆಲ್ಲ ಓದ್ತಾನಾ ಅಂತ ನಗುವವರು ನಗಲಿ.

ಕಥೆ ಹೆಚ್ಚುಕಮ್ಮಿ ಒಂದೇ. ಲಂಡನ್ನಿನಲ್ಲಿ ದುಡಿದು ಸುಸ್ತಾದ ಹುಡುಗಿ ಹಬ್ಬಕ್ಕೆ ಹುಟ್ಟೂರಿಗೆ ಬರುತ್ತಾಳೆ. ಅಲ್ಲೊಂದು ಬೇಕರಿ ಇನ್ನೇನು ಬಾಗಿಲು ಹಾಕಬೇಕು. ಅದನ್ನು ನಡೆಸುವವನು ಮೊದಲು ಸಿಡುಕುತ್ತಾನೆ. ಹಿಮ ಬಿದ್ದು ರಸ್ತೆ ಬಂದ್. 24ರ ರಾತ್ರಿಯೊಳಗೆ ಎಲ್ಲ ಸರಿಹೋಗುತ್ತದೆ. ಕೊನೆ ಗೊತ್ತಿದ್ದರೂ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ.

ಹಿಮದ ವಿಷಯ ಮಾತ್ರ ನಂಬಬೇಡಿ. ಡಿಸೆಂಬರ್ 25ರಂದು ಹಿಮದ ಒಂದೇ ಒಂದು ಚೂರು ಉದುರಿದರೂ ಇಲ್ಲಿನ ಹವಾಮಾನ ಇಲಾಖೆ ಅದನ್ನು ಬಿಳಿ ಕ್ರಿಸ್‌ಮಸ್ ಎಂದು ಬರೆದುಕೊಳ್ಳುತ್ತದೆ. ಹಿಮ ಜಾಸ್ತಿ ಬೀಳುವುದು ಜನವರಿಯಿಂದ ಮುಂದೆ. ಆದರೆ ಊರು ಸ್ತಬ್ಧವಾಗುವುದು ನಿಜ. ಅಂದು ರೈಲು ಓಡುವುದಿಲ್ಲ ಎಂದೇ ಹೇಳಬಹುದು. 2004ರ ಕಾನೂನಿನ ಪ್ರಕಾರ ದೊಡ್ಡ ಅಂಗಡಿಗಳು ಬಾಗಿಲು ತೆರೆಯುವಂತಿಲ್ಲ. ಎಲ್ಲಿಗೂ ಹೋಗಲಾಗದ ಇಬ್ಬರು ಮಾತಾಡಲೇಬೇಕಲ್ವಾ? ಕಾದಂಬರಿಕಾರರಿಗೆ ಸರ್ಕಾರವೇ ಅರ್ಧ ಕೆಲಸ ಮಾಡಿಕೊಟ್ಟಿದೆ.

ಇಂಥದ್ದೊಂದು ಕಥೆಯನ್ನು ತುಮಕೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅಲ್ಲ ಕಣೋ, ಹಬ್ಬದ ದಿನ ಇವಳು ಅವನ ಜೊತೆ ಊರು ಸುತ್ತುತ್ತಿದ್ರೆ ಒಬ್ಬಟ್ಟು ತಟ್ಟೋರು ಯಾರು?” ಅಂದಳು.

ನಮ್ಮಲ್ಲಿ ಹಬ್ಬದ ಪ್ರೇಮಕಥೆ ಯಾಕೆ ಬೆಳೆಯಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಯುಗಾದಿ ಅಂದರೆ ಬೆಳಗ್ಗೆ ಎಣ್ಣೆನೀರು, ಆಮೇಲೆ ಬೇಳೆ ಬೇಯಿಸು, ಹೂರಣ ರುಬ್ಬು, ಕಟ್ಟಿನ ಸಾರಿಗೆ ಒಗ್ಗರಣೆ ಹಾಕು. ಊಟಕ್ಕೆ ಕೂತವರು ಏಳುವಷ್ಟರಲ್ಲಿ ಇನ್ನೊಂದು ಪಂಕ್ತಿ. ಇಂಗ್ಲೆಂಡಿನಲ್ಲೂ ಹಬ್ಬದಡುಗೆಯ ಹೊರೆ ಹೆಂಗಸರ ಮೇಲೇ ಜಾಸ್ತಿ. ಆದರೆ ಕಾದಂಬರಿಯ ನಾಯಕಿಗೆ ಆ ಹೊರೆ ಇಲ್ಲ. ನಮ್ಮ ನಾಯಕಿಗೆ ಹಬ್ಬದ ದಿನ ಕನ್ನಡಿ ನೋಡಿಕೊಳ್ಳಲೂ ಪುರಸೊತ್ತಿಲ್ಲ. ದೀಪಾವಳಿ ವಿಶೇಷಾಂಕಗಳಲ್ಲಿ ಪ್ರೇಮಕಥೆ ಬರುತ್ತವೆ, ನಿಜ. ನಾನು ಓದಿದ ಮಟ್ಟಿಗೆ ಹಣತೆ ಮುಖಪುಟದಲ್ಲಷ್ಟೇ ಉರಿಯುತ್ತದೆ. ಒಳಗಿನ ಕಥೆ ಯಾವ ತಿಂಗಳಲ್ಲಿ ನಡೆದರೂ ನಡೆಯುತ್ತದೆ.

ನಮ್ಮ ಪಂಚಾಂಗದಲ್ಲಿ ಪ್ರೇಮಕ್ಕೆ ಜಾಗವೇ ಇಲ್ಲ ಅಂತಲ್ಲ. ಹೊಸ ಸೊಸೆಯನ್ನು ತವರಿಗೆ ಕಳಿಸುವ ಆಷಾಢವಿದೆ. ಹೊಸದಾಗಿ ಮದುವೆಯಾದವರು ರಥಕ್ಕೆ ಹಣ್ಣು ದವನ ಎಸೆಯುವ ಪದ್ಧತಿಯಿದೆ. ಆದರೆ ಇವೆಲ್ಲ ತಾಳಿ ಕಟ್ಟಿದ ಮೇಲಿನ ಕಥೆಗಳು. ಕ್ರಿಸ್‌ಮಸ್ ಕಾದಂಬರಿ ಮುಗಿಯುವಲ್ಲಿ ನಮ್ಮವರ ಪ್ರೇಮ ಶುರುವಾಗುತ್ತದೆ. ನನಗೇನೋ ಇದು ಇಷ್ಟವೇ.

ಮದುವೆಗೆ ಮೊದಲಿನದೇ ಬೇಕು ಅನ್ನುವವರಿಗೆ ನನ್ನ ಸಲಹೆ ಶಿವರಾತ್ರಿ. ಆ ದಿನ ಉಪವಾಸ, ಒಬ್ಬಟ್ಟು ತಟ್ಟುವ ಕೆಲಸವೇ ಇಲ್ಲ. ರಾತ್ರಿಯಿಡೀ ಜಾಗರಣೆ, ಯಾಕೆ ಮಲಗಿಲ್ಲ ಅಂತ ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ ಕ್ಯಾತ್ಸಂದ್ರದ ಹತ್ತಿರ ಸಿದ್ಧಗಂಗೆ ಜಾತ್ರೆ. ಮಠದ ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳ ಸಾಲು, ವಸ್ತುಪ್ರದರ್ಶನದ ದೀಪ, ಖಾರದ ಕಡ್ಲೆಪುರಿ, ಬೆಂಡು ಬತ್ತಾಸು. ಗುಬ್ಬಿ ಕಡೆಯವನೊಬ್ಬ ತನ್ನ ಜೋಡಿ ಎತ್ತು ಮಾರಲು ಬಂದಿರುತ್ತಾನೆ. ಬೆಂಗಳೂರಿನಿಂದ ಬಂದವಳು ಅಪ್ಪನ ಜೊತೆ ಬೆಲೆ ಕೇಳುತ್ತಾಳೆ. ಅವನು ಸಿಡುಕುತ್ತಾನೆ, ಎತ್ತು ಕೊಡಲು ಅವನಿಗೇ ಮನಸ್ಸಿಲ್ಲ. ತೇರು ಎಳೆಯುವಷ್ಟರಲ್ಲಿ ಎಲ್ಲ ತೀರ್ಮಾನವಾಗಬೇಕು. ಹಿಮ ಬೇಡ, ಮಠದ ದಾಸೋಹದಲ್ಲಿ ಊಟವೂ ಸಿಗುತ್ತದೆ.

ಅಕ್ಕ ಇದಕ್ಕೆ ಒಪ್ಪಿದಳು. ಎತ್ತು ಮಾರಬಾರದು ಅನ್ನುವುದೊಂದೇ ಅವಳ ಷರತ್ತು. ಬರೆಯುವುದೇನೋ ಬರೆಯಬಹುದು. ಆದರೆ ವಿಶೇಷಾಂಕದವರು ಯುಗಾದಿಗೆ ಕಥೆ ಕೇಳುತ್ತಾರೆ, ದೀಪಾವಳಿಗೆ ಕೇಳುತ್ತಾರೆ. ಶಿವರಾತ್ರಿಗೆ ಕೇಳಿದವರನ್ನು ನಾನಂತೂ ಕಂಡಿಲ್ಲ.