ಹಳೆ ಕಾರ್ವೆಟ್‌ಗೆ ಸ್ಟೇನ್‌ಲೆಸ್ ಶಿಮ್: ಹಾಕಬೇಕಾ, ಬೇಡವಾ?

1963ರಲ್ಲಿ ಅಮೆರಿಕದ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್ ಸ್ಟಿಂಗ್ ರೇಗೆ ಹಿಂದಿನ ಎರಡು ಚಕ್ರಗಳೂ ತಮ್ಮಷ್ಟಕ್ಕೆ ಏರಿಳಿಯುವ ಸಸ್ಪೆನ್ಷನ್ ಬಂತು. 1982ರವರೆಗೂ ಅದೇ ಮಾದರಿ ನಡೆಯಿತು. ಪ್ರತಿ ಹಿಂಚಕ್ರಕ್ಕೂ ಒಂದು ಟ್ರೇಲಿಂಗ್ ಆರ್ಮ್, ಅಂದರೆ ಚಕ್ರವನ್ನು ಹಿಂತುದಿಯಲ್ಲಿ ಹಿಡಿದಿರುವ ಉದ್ದನೆ ತೋಳು. ಅದರ ಮುಂದಿನ ತುದಿ ಚಾಸಿಯ ಗೂಡಿನೊಳಗೆ ಒಂದು ಬೋಲ್ಟ್ ಮೇಲೆ ನಿಂತಿದೆ, ಅಕ್ಕಪಕ್ಕ ಸಂದಿ ತುಂಬುವ ತೆಳು ಉಕ್ಕಿನ ಬಿಲ್ಲೆಗಳು, ಅಂದರೆ ಶಿಮ್‌ಗಳು. ಒಳಬದಿಯ ಶಿಮ್ ತೆಗೆದು ಹೊರಬದಿಗೆ ಹಾಕಿದರೆ ಚಕ್ರದ ಮೂತಿ ಒಳಕ್ಕೆ ತಿರುಗುತ್ತದೆ. ಹಿಂದಿನ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದನ್ನು, ಸರಿ ಮಾಡಲು ಇರುವ ದಾರಿ ಇದೇ. ಮೊದಮೊದಲ ಕಾರುಗಳ ಶಿಮ್‌ಗೆ ದುಂಡನೆ ತೂತು. ಈಗ ಸಿಗುವ ಸ್ಟೇನ್‌ಲೆಸ್ ಶಿಮ್‌ಗೆ ಒಂದು ಬದಿ ತೆರೆದ ಸೀಳು. ಮೊದಲಿನದನ್ನು ತೆಗೆದು ಇದನ್ನು ಹಾಕಬಹುದಾ?

ಪರ

ಖಂಡಿತ ಹಾಕಿ. ತೂತಿನ ಶಿಮ್ ಬದಲಿಸಬೇಕಾದರೆ ಬೋಲ್ಟ್ ಪೂರ್ತಿ ಹೊರಗೆ ಬರಬೇಕು. ಅದು ಬರುವುದಿಲ್ಲ. ಬಾಡಿ ಫೈಬರ್, ತುಕ್ಕು ಹಿಡಿಯುವುದಿಲ್ಲ. ಆದರೆ ಕೆಳಗಿನ ಚಾಸಿ ಉಕ್ಕಿನದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಓಡಿದ ಕಾರಾದರೆ ಬೋಲ್ಟ್ ಆರ್ಮ್ ತುದಿಯ ರಬ್ಬರ್ ಬುಷ್‌ನ ಒಳಕೊಳವೆಗೇ ಕಚ್ಚಿಕೊಂಡಿರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟ್ ತಿರುಗಿದ ಹಾಗೆ ಕಾಣುತ್ತದೆ, ನಿಜವಾಗಿ ತಿರುಚಿಕೊಳ್ಳುವುದು ರಬ್ಬರ್. ಬೆಂಕಿ ಹಿಡಿದು ಸಡಿಲಿಸೋಣ ಅಂದರೆ ಮೇಲೆ ಫೈಬರ್ ಬಾಡಿ. ಕೊನೆಗೆ ಗರಗಸದ ಬ್ಲೇಡನ್ನು ಶಿಮ್‌ಗಳ ಸಂದಿಗೆ ತೂರಿಸಿ ಎರಡೂ ಕಡೆ ಕತ್ತರಿಸಬೇಕು. ಈ ಕೆಲಸಕ್ಕೆ ಹೆದರಿಯೇ ಎಷ್ಟೋ ಜನ ಹಿಂದಿನ ಟೋ ಮುಟ್ಟುವುದೇ ಇಲ್ಲ. ಟೋ ಹೊರಕ್ಕೆ ತೆರೆದ ಹಿಂಚಕ್ರ ಇಟ್ಟುಕೊಂಡು ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬಾಲ ಹಾರುತ್ತದೆ. ಅದು ಜೀವದ ಪ್ರಶ್ನೆ, ಅಲ್ವಾ?

ಸೀಳು ಶಿಮ್‌ಗೆ ಬೋಲ್ಟ್ ಸಡಿಲಿಸಿದರೆ ಸಾಕು. ಮುಂದಿನ ವರ್ಷಗಳಲ್ಲಿ ಕಾರ್ಖಾನೆಯೇ ಸೀಳು ಶಿಮ್‌ಗೆ ಬದಲಾಯಿಸಿತು, ಜಾರದಿರಲಿ ಎಂದು ಉದ್ದನೆ ಕಾಟರ್ ಪಿನ್ ಕೊಟ್ಟಿತು. ಮಾಡಿದವರೇ ತಿದ್ದಿಕೊಂಡದ್ದನ್ನು ನಾವು ಯಾಕೆ ಬೇಡ ಅನ್ನಬೇಕು? ಇನ್ನು ಕಾರ್ಖಾನೆ ಯಾವ ಬದಿಗೆ ಎಷ್ಟು ಶಿಮ್ ಹಾಕಿತ್ತೋ, 1960ರ ದಶಕದ ಆ ಲೆಕ್ಕ ಆಗಿನ ಬಯಾಸ್ ಟೈರ್‌ಗೆ ಮಾಡಿದ್ದು. ಈಗ ಹಾಕಿರುವುದು ಬೇರೆ ಬಗೆಯ ರೇಡಿಯಲ್ ಟೈರ್. ಬುಷ್ ಹೊಸದು, ಚಾಸಿ ಸ್ವಲ್ಪ ಬಾಗಿರಲೂಬಹುದು. ಹಳೆ ಲೆಕ್ಕ ಈಗ ಕೂರುವುದಿಲ್ಲ.

ವಿರೋಧ

ತೊಂದರೆ ಬೋಲ್ಟ್‌ನದು, ಶಿಕ್ಷೆ ಶಿಮ್‌ಗೆ ಯಾಕೆ? ಗರಗಸ ಹಿಡಿಯುವುದು ಒಂದೇ ಸಲ. ಆಮೇಲೆ ಹೊಸ ಬೋಲ್ಟ್‌ಗೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಬಳಿದು, ಹೊಸದಾಗಿ ಸಿಗುವ ತೂತಿನ ಉಕ್ಕಿನ ಶಿಮ್‌ಗಳನ್ನೇ ಹಾಕಿದರೆ ಮುಂದಿನ ಸಲ ಬೋಲ್ಟ್ ಸಲೀಸಾಗಿ ಬರುತ್ತದೆ. ಟೋ ಏನು ತಿಂಗಳಿಗೊಮ್ಮೆ ನೋಡುವ ಕೆಲಸವೇ?

ತೂತಿನ ಶಿಮ್‌ಗೆ ಇನ್ನೊಂದು ಗುಣವಿದೆ. ಬೋಲ್ಟ್ ಸಡಿಲವಾದರೂ ಅದು ಉದುರುವುದಿಲ್ಲ. ಸೀಳು ಶಿಮ್ ನಂಬಿಕೊಂಡಿರುವುದು ಪಿನ್ನನ್ನು. ಹಳೆ ಚಾಸಿಯಲ್ಲಿ ಆ ಪಿನ್‌ಗೆ ತೂತಿಲ್ಲದಿದ್ದರೆ ಡ್ರಿಲ್ ಹಿಡಿಯಬೇಕು. ಶಿಮ್ ಮತ್ತೆ ಬದಲಿಸಬಹುದು, ಚಾಸಿಗೆ ಕೊರೆದ ತೂತು ಹೋಗುವುದಿಲ್ಲ. ನನಗೆ ಈ ವಾದದಲ್ಲೇ ಜಾಸ್ತಿ ತೂಕ ಕಾಣುತ್ತದೆ.

1974ರಲ್ಲಿ ಹುಟ್ಟಿದ, ಹಳೆ ಕಾರ್ವೆಟ್‌ಗಳನ್ನು ಮೂಲರೂಪಕ್ಕೆ ತರುವವರ ಎನ್‌ಸಿಆರ್‌ಎಸ್ ಕೂಟದ ತೀರ್ಪುಗಾರರು ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇದೆಯಾ ಎಂದು ನೋಡುತ್ತಾರೆ. ಅಂಕದ ಮಾತು ಬಿಡಿ. ಎಡಕ್ಕೆಷ್ಟು ಶಿಮ್, ಬಲಕ್ಕೆಷ್ಟು ಎಂಬುದು ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಆ ಒಂದು ಕಾರನ್ನು ಅಳೆದು ಕೂರಿಸಿದ ಲೆಕ್ಕ. ಹಳೆಯವನ್ನು ತೆಗೆಯಲೇಬೇಕಾದರೆ ಯಾವ ಬದಿಗೆ ಯಾವ ದಪ್ಪದ್ದು ಇತ್ತು ಎಂದು ಚೀಟಿ ಕಟ್ಟಿ, ಎಣ್ಣೆ ಸವರಿ ಕಾರಿನ ಕಾಗದಪತ್ರಗಳ ಜೊತೆಗೇ ಇಡಿ.