ಒಂದು ಹಿಡಿ ಡಿಎಪಿ ಹೋದ ದಾರಿ

ಹೋದ ವರ್ಷ ಮೇ ತಿಂಗಳ ಒಂದು ಸಂಜೆ ದಾಸವಾಳದ ಬುಡಕ್ಕೆ ಡಿಎಪಿ ಅನ್ನೋ ರಾಸಾಯನಿಕ ಗೊಬ್ಬರ ಹಾಕಿದೆ. ನರ್ಸರಿಯವನು ಹೇಳಿದ್ದು ಒಂದು ಚಮಚ. ನನ್ನದು ಧಾರಾಳ ಕೈ, ಒಂದು ಹಿಡಿ ಹೋಯ್ತು. ಅರ್ಧ ಗಂಟೆಗೆಲ್ಲ ಧೋ ಅಂತ ಮಳೆ. ಕೊಡೆ ಹಿಡಿದು ಗೇಟಿನ ಹತ್ರ ನಿಂತಿದ್ದೀನಿ, ಬೂದು ಬಣ್ಣದ ಕಾಳುಗಳು ಕೆಂಪು ನೀರಿನ ಜೊತೆ ಸಿಮೆಂಟ್ ಅಂಗಳದ ಮೇಲೆ ಉರುಳ್ಕೊಂಡು ಬಂದು, ನನ್ನ ಚಪ್ಪಲಿ ಪಕ್ಕದಲ್ಲೇ ಹಾದು ಮೋರಿಗೆ ಬಿದ್ವು.

ನಮ್ಮನೆ ಬೆಂಗಳೂರಿನ ಗಿರಿನಗರದ ಕಡೆ. ಮೋರಿ ನೀರು ರಾಜಕಾಲುವೆಗೆ, ಅಂದ್ರೆ ಊರಿನ ಮಳೆನೀರು ಹರಿಯೋ ದೊಡ್ಡ ಕಾಲುವೆಗೆ; ಅಲ್ಲಿಂದ ವೃಷಭಾವತಿ ನದಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಅಂತ ಕೈ ಮುಗೀತೀವಲ್ಲ, ಅವಳೇ. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಎಳ್ಕೊಂಡು ಮೂಗು ಮುಚ್ಚೋದೂ ಅವಳಿಗೇ. ಅಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಡಿಎಪಿ ಚೀಲದ ಮೇಲೆ 18:46 ಅಂತ ಇರುತ್ತಲ್ಲ, ಅದರಲ್ಲಿ 46 ಅಂದ್ರೆ ನೂರಕ್ಕೆ ಅಷ್ಟು ಪಾಲು ಗಿಡ ಬೆಳೆಸೋ ಫಾಸ್ಫೇಟ್. ದಾಸವಾಳಕ್ಕೆ ಬಡಿಸಿದ್ದು ಕೆರೆಯ ಮೇಲೆ ಹಬ್ಬೋ ಅಂತರಗಂಗೆ ಕಳೆಗೆ ಊಟ.

ಕೊಳಚೆ, ಕಾರ್ಖಾನೆ ನೀರಿನ ಮುಂದೆ ನನ್ನ ಒಂದು ಹಿಡಿ ಯಾವ ಲೆಕ್ಕ ಅಂತೀರಿ. ಒಪ್ತೀನಿ. ಆದರೆ ಕೊಳಚೆಗೆ ಶುದ್ಧೀಕರಣ ಘಟಕ ಅಂತ ಹೆಸರಿಗಾದ್ರೂ ಒಂದಿದೆ. ಮೋರಿಗೆ ಬಿದ್ದ ಮಳೆನೀರನ್ನ ನಡುವೆ ಸೋಸೋರು ಯಾರೂ ಇಲ್ಲ.

ನನಗೆ ಗೊಬ್ಬರಕ್ಕಿಂತ ಸಿಟ್ಟು ಬಂದಿದ್ದು ಸಿಮೆಂಟಿನ ಮೇಲೆ. 30-40 ಅಡಿ ಸೈಟಿನ ಮೇಲೆ ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚೂಕಮ್ಮಿ 1 ಲಕ್ಷ ಲೀಟರ್ ಮಳೆ ಬೀಳುತ್ತೆ. ಕಾಲಿಗೆ ಕೆಸರಾಗಬಾರದು ಅಂತ ಒಂದಿಂಚೂ ಮಣ್ಣು ಬಿಡದೆ ಮುಚ್ಚಿಸಿ, ಬೇಸಿಗೇಲಿ ಬೋರ್‌ವೆಲ್ ಬತ್ತಿತು ಅಂತ ಟ್ಯಾಂಕರ್‌ಗೆ ಫೋನ್ ಮಾಡೋರು ನಾವು! ಕಾರಿನ ಚಕ್ರ ಹೋಗೋ ಎರಡು ಪಟ್ಟಿ ಬಿಟ್ಟು ಉಳಿದದ್ದನ್ನ ಒಡೆಸಿದೆ. "ಎಲ್ಲಾರೂ ಹಾಕ್ಸಕ್ಕೆ ಕರೀತಾರೆ ಸಾರ್, ನೀವು ಕೀಳ್ಸಕ್ಕೆ ಕರ್ದಿದ್ದೀರಲ್ಲ" ಅಂತ ಮೇಸ್ತ್ರಿ ನಕ್ಕ. ಮೂಲೇಲಿ ಒಂದು ಇಂಗುಗುಂಡಿನೂ ತೋಡಿಸಿದೆ. ಈಗ ಜೋರು ಮಳೆ ಬಂದ್ರೂ ಗೇಟಿನಾಚೆ ಹೋಗೋ ನೀರು ಅಷ್ಟಕ್ಕಷ್ಟೆ.

ಡಿಎಪಿ ಬಿಟ್ಟೆ. ಮನೆ ಮುಂದಿನ ಹೊಂಗೆ ಮರದ ತರಗೆಲೆನ ಮೋರಿಗೆ ಗುಡಿಸೋದೂ ಇಲ್ಲ, ಬೆಂಕಿ ಇಡೋದೂ ಇಲ್ಲ. ಹಳೇ ಡ್ರಮ್ಮಿಗೆ ತೂತು ಹೊಡೆದು ತುಂಬಿ, ಸಗಣಿ ನೀರು ಚಿಮುಕಿಸ್ತೀನಿ. ಮೊದಲ ಸಲ ನೀರು ಜಾಸ್ತಿಯಾಗಿ ಗಬ್ಬೆದ್ದು, ಪಕ್ಕದ ಮನೆ ಆಂಟಿ ಕೈಲಿ ಸರಿಯಾಗಿ ಬೈಸ್ಕೊಂಡೆ. ಒಣ ಎಲೆ ಇನ್ನಷ್ಟು ಸುರಿದ ಮೇಲೆ ವಾಸನೆ ಹೋಯ್ತು, ನಾಲ್ಕೈದು ತಿಂಗಳಿಗೆ ಕಾಫಿಪುಡಿ ಥರ ಕಪ್ಪು ಗೊಬ್ಬರ ಸಿಕ್ತು.

ದಾಸವಾಳ ಮಾತ್ರ ಈ ವರ್ಷ ಕಮ್ಮಿ ಬಿಟ್ಟಿದೆ. ಪೂಜೆಗೆ ಎರಡು ಸಾಕಲ್ವಾ ಅಂದೆ. ಮನೆಯವಳು ಇನ್ನೂ ಒಪ್ಪಿಲ್ಲ.